ಸೈಕಲ್ ಚೈನ್‌ಗೆ ಯಾವ ಎಣ್ಣೆ, ಎಷ್ಟು, ಎಲ್ಲಿ?

ಪ್ರಶ್ನೆ: ಆರು ತಿಂಗಳ ಹಿಂದೆ 8 ಗೇರಿನ ಹೈಬ್ರಿಡ್ ಸೈಕಲ್ ಕೊಂಡೆ. ಆಫೀಸಿಗೆ ಹೋಗಿ ಬರಲು ದಿನಾ 18 ಕಿ.ಮೀ. ಆಗುತ್ತದೆ, ಅದರಲ್ಲಿ ಸ್ವಲ್ಪ ದೂರ ಮಣ್ಣು ರಸ್ತೆ. ಭಾನುವಾರ ದೇವರಾಯನದುರ್ಗ ಬೆಟ್ಟದ ಕಡೆ ಹೋಗುತ್ತೇನೆ. ಚೈನ್ ಕಪ್ಪಗಾಗಿ ಪ್ಯಾಂಟಿಗೆಲ್ಲ ಮಸಿ ಹತ್ತುತ್ತಿದೆ, ಆದರೂ ಕಿರಕಿರ ಸದ್ದು ನಿಂತಿಲ್ಲ. ಅಂಗಡಿಯವರು ಇಂಜಿನ್ ಆಯಿಲ್ ಹಾಕಿಕೊಟ್ಟರು. ಗೆಳೆಯರು ಡಬ್ಲ್ಯೂಡಿ-40 ಸ್ಪ್ರೇ ಸಾಕು ಅನ್ನುತ್ತಾರೆ. ಅಪ್ಪ ಕೊಬ್ಬರಿ ಎಣ್ಣೆ ಹಾಕು ಅನ್ನುತ್ತಾರೆ. ವಿಡಿಯೊಗಳಲ್ಲಿ ನೋಡಿದರೆ ಮೇಣ ಕರಗಿಸಿ ಚೈನ್ ಅದ್ದುತ್ತಾರೆ. ಇದರಲ್ಲಿ ಯಾವುದು ಸರಿ? — ತುಮಕೂರಿನ ಓದುಗರು

ಉತ್ತರ: ಚೈನ್ ಕಪ್ಪಗೆ ಜಿಡ್ಡಾಗಿದೆ, ಆದರೂ ಸದ್ದು ಮಾಡುತ್ತದೆ ಅಂದಿರಿ. ಅಂದರೆ ಎಣ್ಣೆ ಬೇಡದ ಕಡೆ ಜಾಸ್ತಿಯಿದೆ, ಬೇಕಾದ ಕಡೆ ಇಲ್ಲ. ಯಾವ ಎಣ್ಣೆ ಅನ್ನುವುದನ್ನು ಆಮೇಲೆ ನೋಡೋಣ. ಎಣ್ಣೆ ಎಲ್ಲಿ ಇರಬೇಕು ಅನ್ನುವುದು ಮೊದಲು ಗೊತ್ತಾಗಬೇಕು.

ಚೈನ್‌ನ ಒಂದು ಕೊಂಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಹೊರಗೆ ಎರಡು ಪಟ್ಟಿ, ಒಳಗೆ ಎರಡು ಪಟ್ಟಿ. ಇವನ್ನು ಹಿಡಿದಿಡುವುದು ಒಂದು ಪಿನ್. ಒಳಪಟ್ಟಿಯ ತೂತಿನ ಅಂಚು ಸ್ವಲ್ಪ ಒಳಕ್ಕೆ ಮಡಚಿಕೊಂಡು ಪಿನ್ನಿನ ಸುತ್ತ ಒಂದು ಕೊರಳಿನ ಹಾಗೆ ಕೂತಿರುತ್ತದೆ. ಅದರ ಮೇಲೆ ಸುಮ್ನೆ ಉರುಳಾಡುವ ಪುಟ್ಟ ರೋಲರ್. ಹಲ್ಲಿನ ಚಕ್ರದ ಮೇಲೆ ಕೂರುವುದು ಈ ರೋಲರ್. ಚೈನ್ ಬಾಗಿದಾಗಲೆಲ್ಲ ಪಿನ್ನೂ ಆ ಕೊರಳೂ ಒಂದಕ್ಕೊಂದು ತಿಕ್ಕುತ್ತವೆ. ನಿಮ್ಮ ಸೈಕಲ್‌ನಲ್ಲಿ ಇಂಥ ಕೊಂಡಿಗಳು 110ರಿಂದ 116ರವರೆಗೆ ಇರುತ್ತವೆ. ಪೆಡಲ್ ಬಳಿಯ ಹಲ್ಲಿನ ಚಕ್ರಕ್ಕೆ ಹತ್ತುವಾಗ, ಇಳಿಯುವಾಗ, ಹಿಂದಿನ ಗಾಲಿಯ ಹಲ್ಲಿನ ಚಕ್ರಗಳ ಗುಂಪಾದ ಕ್ಯಾಸೆಟ್‌ಗೆ ಹತ್ತುವಾಗ, ಇಳಿಯುವಾಗ, ಗೇರ್ ಬದಲಿಸುವ ಡಿರೇಲರ್‌ನ ಎರಡು ಪುಟ್ಟ ಚಕ್ರಗಳ ಮೇಲೆ ಹಾಯುವಾಗ ಪ್ರತಿ ಕೊಂಡಿಯೂ ಬಾಗುತ್ತದೆ. ಎಣ್ಣೆ ಬೇಕಾಗಿರುವುದು ಈ ಪಿನ್ನಿನ ಸುತ್ತ ಮತ್ತು ರೋಲರ್‌ನ ಒಳಗೆ. ಪಟ್ಟಿಯ ಹೊರಮೈ ಎಲ್ಲಿಗೂ ತಿಕ್ಕುವುದಿಲ್ಲ. ಅಲ್ಲಿ ತುಕ್ಕು ಹಿಡಿಯದಷ್ಟು, ಕಂಡೂ ಕಾಣದಷ್ಟು ಪಸೆ ಇದ್ದರೆ ಸಾಕು.

ಚೈನ್ ಎಳೆದುಕೊಂಡು ಉದ್ದ ಆಯ್ತು ಅಂತ ನಾವೆಲ್ಲ ಹೇಳುತ್ತೇವೆ. ನಿಜವಾಗಿ ಉಕ್ಕಿನ ಪಟ್ಟಿ ಎಳೆದುಕೊಳ್ಳುವುದಿಲ್ಲ. ಪಿನ್ನು, ಕೊರಳು ಎರಡೂ ಕೂದಲೆಳೆಯಷ್ಟು ಸವೆಯುತ್ತವೆ. ಅಂಥ ನೂರು ಕೊಂಡಿ ಸೇರಿದರೆ ಒಟ್ಟು ಉದ್ದ ಕಣ್ಣಿಗೆ ಕಾಣುವಷ್ಟು ಬೆಳೆಯುತ್ತದೆ. ಸವೆಸುವುದು ಯಾರು? ಧೂಳು. ನೀವು ಓಡಾಡುವ ಮಣ್ಣು ರಸ್ತೆಯ ಧೂಳಿನಲ್ಲಿ ಸಣ್ಣ ಮರಳಿನ ಹರಳು ತುಂಬಾ ಇರುತ್ತದೆ, ಅದು ಉಕ್ಕನ್ನೂ ಕೆರೆಯುವಷ್ಟು ಗಟ್ಟಿ. ಎಣ್ಣೆಯಲ್ಲಿ ಅದು ಕಲಸಿಕೊಂಡರೆ, ಗ್ಯಾರೇಜಿನಲ್ಲಿ ಇಂಜಿನ್ ವಾಲ್ವ್ ತೇಯಲು ಬಳಸುವ ಪೇಸ್ಟ್ ಇದೆಯಲ್ಲ, ಅದೇ ಆಗುತ್ತದೆ. ನಿಮ್ಮ ಪ್ಯಾಂಟಿಗೆ ಹತ್ತುತ್ತಿರುವ ಮಸಿ ಅದೇ. ಅದರ ಮೇಲೆ ಇನ್ನಷ್ಟು ಎಣ್ಣೆ ಸುರಿದರೆ ಆ ಪೇಸ್ಟು ತೆಳುವಾಗಿ ಇನ್ನೂ ಒಳಕ್ಕೆ ಇಳಿಯುತ್ತದೆ. ಹಾಗಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಬಾಟಲಿಯ ಮೇಲಿನ ಹೆಸರಿಗಿಂತ ನಿಮ್ಮ ಕೈಯಲ್ಲಿರುವ ಒರೆಸುವ ಬಟ್ಟೆ ಮುಖ್ಯ.

ಇದನ್ನು ಬರೀ ಅಭಿಪ್ರಾಯ ಅಂದುಕೊಳ್ಳಬೇಡಿ. 1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಇಂಜಿನಿಯರುಗಳು ಸೈಕಲ್ ಚೈನ್ ಎಷ್ಟು ಶಕ್ತಿ ದಾಟಿಸುತ್ತದೆ ಅಂತ ಪ್ರಯೋಗಾಲಯದಲ್ಲಿ ಅಳೆದರು. ಅತಿ ಹೆಚ್ಚು ಸಿಕ್ಕಿದ್ದು ಶೇ 98.6. ಬೇರೆ ಬೇರೆ ಎಣ್ಣೆ ಹಾಕಿ ನೋಡಿದರು, ಎಣ್ಣೆಯನ್ನೆಲ್ಲ ತೊಳೆದು ತೆಗೆದೂ ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಅದು ಧೂಳಿಲ್ಲದ ಪ್ರಯೋಗಾಲಯ, ರಸ್ತೆಯಲ್ಲ. ರಸ್ತೆಯಲ್ಲಿ ಎಣ್ಣೆ ಮಾಡುವ ಕೆಲಸ ಪಿನ್ ಸವೆಯದಂತೆ, ತುಕ್ಕು ಹಿಡಿಯದಂತೆ, ಕೊಳೆ ಒಳಗೆ ಹೋಗದಂತೆ ತಡೆಯುವುದು. ಎಣ್ಣೆಯನ್ನು ಆರಿಸುವಾಗ ನೋಡಬೇಕಾದ್ದೂ ಇದನ್ನೇ.

ಈಗ ನೀವು ಹೇಳಿದ ಒಂದೊಂದನ್ನೇ ನೋಡೋಣ.

ಅಂಗಡಿಯವರು ಇಂಜಿನ್ ಆಯಿಲ್ ಹಾಕಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಆ ಅಭ್ಯಾಸ ಹಳೆಯ ಅಟ್ಲಾಸ್, ಹೀರೊ, ಹರ್ಕ್ಯುಲಿಸ್ ಸೈಕಲ್‌ಗಳ ಕಾಲದ್ದು. ಆ ಸೈಕಲ್‌ಗಳಲ್ಲಿ ಗೇರ್ ಇರಲಿಲ್ಲ, ಚೈನ್ ಅಗಲವಾಗಿ ದಪ್ಪಗಿತ್ತು. ಎಷ್ಟೋ ಸೈಕಲ್‌ಗಳಿಗೆ ಪೂರ್ತಿ ಮುಚ್ಚುವ ತಗಡಿನ ಚೈನ್ ಕವರ್ ಬೇರೆ. ಧೂಳೇ ತಾಗದ ಚೈನ್‌ಗೆ ದಪ್ಪ ಎಣ್ಣೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಇವತ್ತಿಗೂ ಮನೆಯಲ್ಲಿ ಅಂಥ ಸೈಕಲ್ ಇದ್ದರೆ ಹೊಸ 20ಡಬ್ಲ್ಯೂ-40 ಆಯಿಲ್ ಹಾಕಿ, ಏನೂ ತೊಂದರೆಯಿಲ್ಲ. ನಿಮ್ಮದು ಮೈ ತೆರೆದ ಚೈನ್. ದಪ್ಪ ಎಣ್ಣೆ ಸಂದಿಗೆ ನಿಧಾನವಾಗಿ ಇಳಿಯುತ್ತದೆ, ಹೊರಗೆ ಉಳಿದದ್ದು ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಬೇರೇನೂ ಸಿಗದ ಊರಿನಲ್ಲಿದ್ದರೆ ಹೊಸ ಇಂಜಿನ್ ಆಯಿಲ್ಲನ್ನೇ ಹನಿ ಹನಿಯಾಗಿ ಹಾಕಿ, ಚೆನ್ನಾಗಿ ಒರೆಸಿ. ಆದರೆ ಗಾಡಿಯಿಂದ ಇಳಿಸಿದ ಕಪ್ಪು ಆಯಿಲ್ ಮಾತ್ರ ಯಾವತ್ತೂ ಬೇಡ. ಅದರಲ್ಲಿ ಇಂಜಿನ್ ಒಳಗಿನ ಮಸಿ, ಲೋಹದ ಪುಡಿ ಇರುತ್ತದೆ. ಪದೇ ಪದೇ ಚರ್ಮಕ್ಕೆ ತಾಗಿದರೆ ಆರೋಗ್ಯಕ್ಕೂ ಕೆಟ್ಟದ್ದು.

ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. ನೀರನ್ನು ಹೊರಗೆ ತಳ್ಳಿ ತುಕ್ಕು ತಡೆಯುವುದಕ್ಕೆ ಮಾಡಿದ್ದು ಅದು. ಅಮೆರಿಕದ ಅಟ್ಲಾಸ್ ಎಂಬ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಿರಲಿ ಅಂತ ಬಳಸುತ್ತಿದ್ದರು. ಅದರಲ್ಲಿ ಬಹುಪಾಲು ಆರಿಹೋಗುವ ದ್ರಾವಕ, ಉಳಿಯುವ ಎಣ್ಣೆ ಬಹಳ ತೆಳು. ಸಿಂಪಡಿಸಿದ ತಕ್ಷಣ ಸದ್ದು ನಿಲ್ಲುತ್ತದೆ, ಅದಕ್ಕೇ ನಿಮ್ಮ ಗೆಳೆಯರಿಗೆ ಅದರ ಮೇಲೆ ನಂಬಿಕೆ. ಆದರೆ ಅದು ಒಳಗಿದ್ದ ಒಳ್ಳೆಯ ಎಣ್ಣೆಯನ್ನೂ ಕರಗಿಸಿ ಹೊರಗೆ ತರುತ್ತದೆ, ಸ್ವಲ್ಪ ದೂರ ಓಡಿಸಿದರೆ ಸದ್ದು ವಾಪಸ್. ಮಳೆಯಲ್ಲಿ ನೆನೆದ ಚೈನ್‌ನಿಂದ ನೀರು ತೆಗೆಯಲು, ಹಿಡಿದ ತುಕ್ಕನ್ನು ಸಡಿಲ ಮಾಡಲು ಬಳಸಿ. ಒರೆಸಿ, ಆಮೇಲೆ ನಿಜವಾದ ಎಣ್ಣೆ ಹಾಕಿ. ಅದೇ ಕಂಪನಿ ಸೈಕಲ್ ಚೈನ್‌ಗೆ ಅಂತಲೇ ಬೇರೆ ಎಣ್ಣೆ ಮಾರುತ್ತದೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಅಪ್ಪನಿಗೆ ಬೇಜಾರಾಗದಂತೆ ಹೇಳಿ. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಹಾಕುತ್ತಿದ್ದ ನಾಡು ನಮ್ಮದು. ಗಿಡದ ಎಣ್ಣೆ ಕೆಲಸಕ್ಕೆ ಬಾರದ್ದು ಅಂತ ಯಾರೂ ಹೇಳುವಂತಿಲ್ಲ. ಮೊದಮೊದಲ ವಿಮಾನಗಳ ಇಂಜಿನ್‌ಗೂ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಆದರೆ ಗಾಡಿಯ ಅಚ್ಚಿನ ಸಂದಿ ದೊಡ್ಡದು, ಚೈನ್‌ನ ಸಂದಿ ಕೂದಲಿನಷ್ಟು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ತುಮಕೂರಿನ ಡಿಸೆಂಬರ್ ಬೆಳಿಗ್ಗೆ ಅದು ಬಾಟಲಿಯಿಂದಲೇ ಇಳಿಯುವುದಿಲ್ಲ. ದಿನ ಕಳೆದ ಹಾಗೆ ಕಮಟು ಹಿಡಿಯುತ್ತದೆ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳು ಗಾಳಿಗೆ ಅಂಟಂಟಾಗಿ ಗೋಂದಿನಂತಾಗುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಇದಕ್ಕಿಂತ ವಾಸಿ, ಆದರೆ ತೀರಾ ತೆಳು. ಒಂದು ಮಳೆಗೆ ತೊಳೆದುಹೋಗುತ್ತದೆ. ಅದನ್ನು ಬ್ರೇಕ್ ಲಿವರ್, ಡಿರೇಲರ್‌ನ ಕೀಲುಗಳಿಗೆ ಇಟ್ಟುಕೊಳ್ಳಿ. ಬೈಕ್ ಚೈನ್‌ಗೆ ಬರುವ ಸ್ಪ್ರೇ ಬೇಡ. ವೇಗದಲ್ಲಿ ಎರಚಿಹೋಗದಿರಲಿ ಅಂತ ಅದನ್ನು ಅಂಟಾಗಿ ಮಾಡಿರುತ್ತಾರೆ, ನಮ್ಮ ಧೂಳಿಗೆ ಅದು ಹಬ್ಬ. ಗ್ರೀಸ್ ಕೂಡ ಬೇಡ. ಕಾರ್ಖಾನೆಯಲ್ಲಿ ಬಿಸಿ ಮಾಡಿ ಹಾಕುವುದರಿಂದ ಅದು ಪಿನ್ನಿನ ತನಕ ಇಳಿಯುತ್ತದೆ, ನಾವು ಬೆರಳಲ್ಲಿ ಹಚ್ಚಿದರೆ ಮೇಲೆಯೇ ಕೂರುತ್ತದೆ.

ಸೈಕಲ್ ಅಂಗಡಿಯಲ್ಲಿ ಸಿಗುವ ಚೈನ್ ಲೂಬ್‌ಗಳಲ್ಲಿ, ಅಂದರೆ ಚೈನ್‌ಗೆಂದೇ ಮಾಡಿದ ಎಣ್ಣೆಗಳಲ್ಲಿ, ಎರಡು ಬಗೆ: ವೆಟ್ ಮತ್ತು ಡ್ರೈ. ಹಾಕುವಾಗ ಎರಡೂ ದ್ರವವೇ. ವೆಟ್ ಲೂಬ್ ಹಾಕಿದ ಮೇಲೂ ಎಣ್ಣೆಯಾಗಿಯೇ ಉಳಿಯುತ್ತದೆ. ಮಳೆಗೆ ಬೇಗ ಹೋಗುವುದಿಲ್ಲ, ಆದರೆ ಧೂಳು ಹಿಡಿಯುತ್ತದೆ. ಡ್ರೈ ಲೂಬ್‌ನಲ್ಲಿ ದ್ರಾವಕವೋ ನೀರೋ ಇರುತ್ತದೆ. ಅದು ಆರಿಹೋಗಿ ಒಳಗೆ ಮೇಣದಂಥ ತೆಳು ಪದರ ಮಾತ್ರ ಉಳಿಯುತ್ತದೆ. ಧೂಳು ಕಡಿಮೆ ಅಂಟುತ್ತದೆ, ಚೈನ್ ನೋಡಲು ಚೊಕ್ಕಟ. ಆದರೆ ಬೇಗ ಮುಗಿಯುತ್ತದೆ, ಜೋರು ಮಳೆಯಲ್ಲಿ ಒಂದೇ ಸವಾರಿಗೆ ಹೋಗಿಬಿಡುತ್ತದೆ. ಡ್ರೈ ಲೂಬನ್ನು ಹಿಂದಿನ ರಾತ್ರಿಯೇ ಹಾಕಬೇಕು. ಬೆಳಿಗ್ಗೆ ಹೊರಡುವ ಹೊತ್ತಿಗೆ ಹಾಕಿದರೆ ಅದು ಇನ್ನೂ ಆರಿರುವುದಿಲ್ಲ, ಅರ್ಧ ರಸ್ತೆಗೆ ಚೆಲ್ಲಿಹೋಗುತ್ತದೆ. ಈ ಲೂಬ್ ಸರಿಯಿಲ್ಲ ಅಂತ ದೂರುವವರಲ್ಲಿ ಎಷ್ಟೋ ಜನ ಮಾಡುವುದು ಇದನ್ನೇ.

ನಿಮ್ಮ ಊರಿಗೆ ನನ್ನ ಸಲಹೆ: ನವೆಂಬರ್‌ನಿಂದ ಮೇ ತನಕ ಡ್ರೈ ಲೂಬ್. ಮಳೆ ಹಿಡಿದ ಮೇಲೆ ತೆಳುವಾದ ವೆಟ್ ಲೂಬ್. ಒಂದೇ ಬಾಟಲಿ ಸಾಕು ಅನ್ನುವುದಾದರೆ ತೆಳು ವೆಟ್ ಲೂಬನ್ನೇ ಕೊಳ್ಳಿ, ಆದರೆ ವಾರಕ್ಕೊಮ್ಮೆ ಒರೆಸಲೇಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ವರ್ಷವಿಡೀ ವೆಟ್ ಲೂಬೇ ಸರಿ. ಕಡಲಿನ ಉಪ್ಪುಗಾಳಿಗೆ ರಾತ್ರಿ ಬೆಳಗಾಗುವುದರೊಳಗೆ ಪಟ್ಟಿಯ ಅಂಚು ಕೆಂಪಾಗುತ್ತದೆ. ವಿಜಯಪುರ, ಕಲಬುರಗಿಯ ಬೇಸಿಗೆಯಲ್ಲಿ ಓಡಿಸುವವರಿಗೆ ಡ್ರೈ ಲೂಬೋ ಮೇಣವೋ ಒಳ್ಳೆಯದು.

ಮೇಣದ ವಿಷಯಕ್ಕೆ ಬರೋಣ. ಅದು ನಿಜವಾಗಿಯೂ ಒಳ್ಳೆಯ ದಾರಿ. ಕರಗಿದ ಪ್ಯಾರಾಫಿನ್ ಮೇಣ ಪಿನ್ನಿನ ಒಳಗೆ ಇಳಿದು ಗಟ್ಟಿಯಾಗುತ್ತದೆ, ಧೂಳು ಅಂಟಲು ಹೊರಗೆ ಜಿಡ್ಡೇ ಇರುವುದಿಲ್ಲ. ಕೈಯಲ್ಲಿ ಮುಟ್ಟಿದರೂ ಕಪ್ಪಾಗುವುದಿಲ್ಲ. ಆದರೆ ಮೊದಲ ಸಲ ಕೆಲಸ ಜಾಸ್ತಿ. ಚೈನ್ ಬಿಚ್ಚಬೇಕು. ಒಳಗಿನ ಗ್ರೀಸ್, ಎಣ್ಣೆ ಒಂದಿಷ್ಟೂ ಉಳಿಯದಂತೆ ತೊಳೆಯಬೇಕು, ಇಲ್ಲದಿದ್ದರೆ ಮೇಣ ಹಿಡಿಯುವುದಿಲ್ಲ. ತೊಳೆದ ಚೈನ್ ಪೂರ್ತಿ ಒಣಗಬೇಕು, ನೀರು ಉಳಿದ ಚೈನ್ ಬಿಸಿ ಮೇಣಕ್ಕೆ ಬಿದ್ದರೆ ಸಿಡಿಯುತ್ತದೆ. ಮೇಣದ ಪಾತ್ರೆಯನ್ನು ನೇರ ಉರಿಯ ಮೇಲೆ ಇಡಲೇಬೇಡಿ, ಹೊತ್ತಿಕೊಳ್ಳುವ ವಸ್ತು ಅದು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಮೇಣದ ಪಾತ್ರೆ ಇಟ್ಟು ಕರಗಿಸಿ. ಆ ಪಾತ್ರೆ ಮತ್ತೆ ಅಡುಗೆಗೆ ಬೇಡ. ಬಣ್ಣದ, ಪರಿಮಳದ ಮೇಣದಬತ್ತಿಯೂ ಬೇಡ, ಶುದ್ಧ ಪ್ಯಾರಾಫಿನ್ ತನ್ನಿ. ಒಂದು ಮಳೆ ಬಂದರೆ ಈ ಚೈನ್‌ಗೆ ತುಕ್ಕು ಬೇಗ ಹಿಡಿಯುತ್ತದೆ, ಅದೇ ದಿನ ಒರೆಸಿ ಒಣಗಿಸಬೇಕು. ದಿನಾ ಆಫೀಸಿಗೆ ಓಡಿಸುವ ನಿಮಗೆ ಸದ್ಯಕ್ಕೆ ಇದರ ಅಗತ್ಯ ನನಗೆ ಕಾಣುವುದಿಲ್ಲ. ಮುಂದೆ ಆಸಕ್ತಿ ಬಂದರೆ ಬೇಸಿಗೆಯಲ್ಲಿ ಶುರು ಮಾಡಿ.

ಹಾಕುವ ಕ್ರಮ ಈಗ. ಮೊದಲು ಸ್ವಚ್ಛ ಮಾಡಬೇಕು. ನಿಮ್ಮ ಚೈನ್ ಇರುವ ಸ್ಥಿತಿಗೆ ಬರೀ ಒರೆಸಿದರೆ ಸಾಲದು, ಒಮ್ಮೆ ತೊಳೆಯಲೇಬೇಕು. ಸೈಕಲ್ ಅಂಗಡಿಯ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಇದ್ದರೆ ಅದು, ಇಲ್ಲದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಬಿಸಿ ನೀರಿಗೆ ಕಲಸಿ, ಹಳೇ ಟೂತ್‌ಬ್ರಶ್‌ನಲ್ಲಿ ಚೈನ್‌ನ ನಾಲ್ಕೂ ಮೈ ಉಜ್ಜಿ. ಕ್ಯಾಸೆಟ್‌ನ ಹಲ್ಲುಗಳ ನಡುವೆ ಬಟ್ಟೆಯ ಅಂಚು ತೂರಿಸಿ ಆಚೀಚೆ ಎಳೆಯಿರಿ. ಡಿರೇಲರ್‌ನ ಪುಟ್ಟ ಚಕ್ರಗಳ ಮೇಲೆ ಗಟ್ಟಿಯಾದ ಕಪ್ಪು ಪಟ್ಟಿಯೇ ಕೂತಿರುತ್ತದೆ. ಅದನ್ನು ಕಡ್ಡಿಯಲ್ಲಿ ಕೆರೆದು ತೆಗೆಯಿರಿ. ಅದನ್ನು ಬಿಟ್ಟರೆ ತೊಳೆದ ಚೈನ್‌ಗೆ ಸಂಜೆಯೊಳಗೆ ಮತ್ತೆ ಕೊಳೆ. ನೀರು ಸುರಿದು ತೊಳೆಯಿರಿ, ಆದರೆ ಸರ್ವಿಸ್ ಸ್ಟೇಷನ್ನಿನ ಜೋರು ನೀರಿನ ಪೈಪನ್ನು ಗಾಲಿಯ ನಡುವಿನ ಹಬ್‌ಗೆ ಹಿಡಿಯಬೇಡಿ, ಬೇರಿಂಗ್ ಒಳಗಿನ ಗ್ರೀಸ್ ಹೋಗುತ್ತದೆ. ಒರೆಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಲು ಬಿಡಿ. ಪೆಟ್ರೋಲ್ ಬೇಡ. ಮನೆಯೊಳಗೆ ಅದರ ಆವಿ ತುಂಬಿ ಒಂದು ಕಿಡಿ ತಾಗಿದರೆ ಸಾಕು.

ಇನ್ನೊಂದು ಎಚ್ಚರಿಕೆ. ಇದು ಕೆಲವರಿಗೆ ಗೊತ್ತಿರುವುದಿಲ್ಲ. ತುಕ್ಕು ಹೋಗಲಿ ಅಂತ ಹುಣಸೆ ನೀರು, ನಿಂಬೆರಸ, ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್ ಇಂಥದ್ದರಲ್ಲಿ ಚೈನ್ ನೆನೆಹಾಕಬೇಡಿ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಸರಿ. ಚೈನ್‌ನದು ಗಟ್ಟಿ ಮಾಡಿದ ಉಕ್ಕು. ಆಮ್ಲ ತಾಗಿದಾಗ ಹುಟ್ಟುವ ಹೈಡ್ರೋಜನ್ ಅಂಥ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಹೊರಗಿನಿಂದ ಚೈನ್ ಫಳಫಳ ಹೊಳೆಯುತ್ತಿರುತ್ತದೆ, ದೇವರಾಯನದುರ್ಗದ ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಪಟ್ಟಿ ಸೀಳುತ್ತದೆ. ಚೈನ್ ತಯಾರಿಸುವ ಕಂಪನಿಗಳೇ ಇದನ್ನು ಮಾಡಬೇಡಿ ಅನ್ನುತ್ತವೆ.

ಒಣಗಿದ ಮೇಲೆ ಎಣ್ಣೆ. ಸ್ಪ್ರೇ ಡಬ್ಬಿಗಿಂತ ಹನಿ ಬೀಳುವ ಬಾಟಲಿಯೇ ಒಳ್ಳೆಯದು. ನಿಮ್ಮದು ಡಿಸ್ಕ್ ಬ್ರೇಕ್ ಆಗಿದ್ದರಂತೂ ಸ್ಪ್ರೇ ಬೇಡವೇ ಬೇಡ, ಒಂದು ತುಂತುರು ಡಿಸ್ಕಿಗೆ ಬಿದ್ದರೂ ಬ್ರೇಕ್ ಹಿಡಿಯುವುದಿಲ್ಲ. ಬಿದ್ದುಬಿಟ್ಟರೆ ಡಿಸ್ಕನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಬ್ರೇಕ್ ಪ್ಯಾಡ್ ಎಣ್ಣೆ ಕುಡಿದಿದ್ದರೆ ಸಾಮಾನ್ಯವಾಗಿ ಬದಲಾಯಿಸಬೇಕಾಗುತ್ತದೆ. ಗೇರನ್ನು ಕ್ಯಾಸೆಟ್‌ನ ನಡುವಿಗೆ ತನ್ನಿ. ಚೈನ್ ಬಿಚ್ಚಿ ಜೋಡಿಸಲು ಬೇರೆ ಆಕಾರದ ಒಂದು ಕೊಂಡಿ ಇರುತ್ತದೆ, ಕ್ವಿಕ್ ಲಿಂಕ್. ಅಲ್ಲಿಂದ ಶುರು ಮಾಡಿ. ಅದು ಇಲ್ಲದಿದ್ದರೆ ಒಂದು ಕೊಂಡಿಗೆ ಮಾರ್ಕರ್‌ನಲ್ಲಿ ಗುರುತು ಮಾಡಿ. ಪೆಡಲನ್ನು ಹಿಂದಕ್ಕೆ ನಿಧಾನ ತಿರುಗಿಸುತ್ತಾ, ಕೆಳಗಿನ ಸಾಲಿನ ಚೈನ್‌ನ ಒಳಮೈಗೆ, ಅಂದರೆ ಮೇಲ್ಮುಖವಾಗಿ ಕಾಣುವ ಬದಿಗೆ, ಒಂದು ರೋಲರ್‌ಗೆ ಒಂದೇ ಹನಿ. ಹಲ್ಲಿಗೆ ತಾಗುವುದು ಆ ಬದಿಯೇ. ಚೈನ್ ಚಕ್ರ ಸುತ್ತುವಾಗ ಎಣ್ಣೆ ಒಳಗಿನಿಂದ ಹೊರಕ್ಕೆ ಹೋಗುತ್ತದೆ, ಹಾಗಾಗಿ ಹನಿ ಒಳಗಡೆಯೇ ಬೀಳಬೇಕು. ಎಲ್ಲ ರೋಲರ್ ಮುಗಿಯುವ ಹೊತ್ತಿಗೆ ಹೆಚ್ಚೆಂದರೆ 5 ಮಿ.ಲೀ., ಒಂದು ಚಿಕ್ಕ ಚಮಚದಷ್ಟು ಎಣ್ಣೆ ಹೋಗಿರುತ್ತದೆ. 100 ಮಿ.ಲೀ. ಬಾಟಲಿ ಇಪ್ಪತ್ತು ಸಲಕ್ಕೆ ಬರಬೇಕು. ನಾಲ್ಕೈದು ಸಲಕ್ಕೇ ಖಾಲಿಯಾದರೆ ನೀವು ಹಾಕುತ್ತಿರುವುದು ಜಾಸ್ತಿ.

ಆಮೇಲೆ ಪೆಡಲನ್ನು ಒಂದೆರಡು ನಿಮಿಷ ಹಿಂದಕ್ಕೆ ತಿರುಗಿಸಿ. ವೆಟ್ ಲೂಬ್ ಆದರೆ ಕಾಲು ಗಂಟೆ ಬಿಡಿ, ಡ್ರೈ ಆದರೆ ರಾತ್ರಿಯಿಡೀ ಬಿಡಿ. ಈಗ ಮುಖ್ಯವಾದ ಕೆಲಸ. ಹಳೇ ಬನಿಯನ್ ಬಟ್ಟೆಯನ್ನು ಚೈನ್ ಸುತ್ತ ಸುತ್ತಿ, ಮೆತ್ತಗೆ ಹಿಡಿದು ಪೆಡಲ್ ತಿರುಗಿಸಿ. ಬಟ್ಟೆಯ ಜಾಗ ಬದಲಾಯಿಸುತ್ತಾ ಹೋಗಿ. ಬಟ್ಟೆಗೆ ಹತ್ತುವ ಕಪ್ಪು ಕಡಿಮೆಯಾಗಿ, ಪಟ್ಟಿಯ ಮೇಲೆ ಬೆರಳಾಡಿಸಿದರೆ ಬರೀ ಸಣ್ಣ ಪಸೆ ಹತ್ತುವ ತನಕ ಒರೆಸಿ. ಹಾಕಿದ ಎಣ್ಣೆಯನ್ನೆಲ್ಲ ಒರೆಸಿಬಿಟ್ಟೆನಲ್ಲ ಅಂತ ಅನ್ನಿಸುತ್ತದೆ. ಒಳಗೆ ಹೋದದ್ದು ಬಟ್ಟೆಗೆ ಸಿಗುವುದಿಲ್ಲ, ಚಿಂತೆ ಬೇಡ.

ಎಷ್ಟು ದಿನಕ್ಕೊಮ್ಮೆ? ನೀವು ವಾರಕ್ಕೆ ನೂರು ಕಿ.ಮೀ. ಮೇಲೆ ಓಡಿಸುತ್ತೀರಿ. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ, ಐದು ನಿಮಿಷದ ಕೆಲಸ. ಡ್ರೈ ಲೂಬ್ ಆದರೆ ಸುಮಾರು ವಾರಕ್ಕೊಮ್ಮೆ, ವೆಟ್ ಆದರೆ ಎರಡು ವಾರಕ್ಕೊಮ್ಮೆ ಎಣ್ಣೆ ಬೇಕಾಗಬಹುದು. ಕ್ಯಾಲೆಂಡರಿಗಿಂತ ಕಿವಿಯನ್ನು ನಂಬಿ. ಹಕ್ಕಿ ಕೂಗಿದಂತೆ ಕೀಚ್ ಕೀಚ್ ಅಂದರೆ ಎಣ್ಣೆ ಮುಗಿದಿದೆ. ಕರಕರ ಅಂದರೆ ಒಳಗೆ ಮರಳು ಸೇರಿದೆ, ಎಣ್ಣೆ ಹಾಕುವ ಮುಂಚೆ ತೊಳೆಯಬೇಕು. ಮಳೆಯಲ್ಲಿ ನೆನೆದ ದಿನ ಅದೇ ಸಂಜೆ ಒರೆಸಿ ಎಣ್ಣೆ ಹಾಕಿ, ನಾಳೆಗೆ ಬಿಡಬೇಡಿ.

ಆದರೆ ಹೊಸ ಬಾಟಲಿ ಕೊಳ್ಳುವ ಮೊದಲು ಚೈನ್ ಅಳೆಯಿರಿ. ಆರು ತಿಂಗಳಲ್ಲಿ ನಿಮ್ಮದು ಹತ್ತಿರ ಹತ್ತಿರ 3,000 ಕಿ.ಮೀ. ಆಗಿರಬೇಕು, ಅದೂ ಮರಳು ಕಲಸಿದ ಎಣ್ಣೆಯಲ್ಲಿ. ಒಂದು ಉಕ್ಕಿನ ಸ್ಕೇಲ್ ತಗೊಳ್ಳಿ. ಚೈನ್‌ನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಚೈನ್ ಬಿಗಿಯಾಗಿರುವ ಮೇಲಿನ ಸಾಲಿನಲ್ಲಿ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ, 24 ಪಿನ್ ಆಚೆಗಿನ ಪಿನ್ನಿನ ನಡು 12 ಇಂಚಿಗೆ ಬರಬೇಕು. 1/16 ಇಂಚು, ಅಂದರೆ ಒಂದೂವರೆ ಮಿ.ಮೀ. ಚಿಲ್ಲರೆ ಮುಂದೆ ಹೋಗಿದ್ದರೆ ಚೈನ್ ಬದಲಾಯಿಸುವ ಕಾಲ ಬಂತು. ಈಗಲೇ ಬದಲಾಯಿಸಿದರೆ ಕ್ಯಾಸೆಟ್ ಉಳಿಯುತ್ತದೆ. 1/8 ಇಂಚು ದಾಟಿದ್ದರೆ ಕ್ಯಾಸೆಟ್‌ನ ಹಲ್ಲೂ ಸವೆದಿರುವುದು ಬಹುತೇಕ ಖಂಡಿತ. ಹೊಸ ಚೈನ್ ಹಾಕಿ ಜೋರಾಗಿ ತುಳಿದಾಗ ಹಲ್ಲಿನಿಂದ ಹಾರಿದರೆ ಅದನ್ನೂ ಬದಲಾಯಿಸಬೇಕು.

ಹೊಸ ಚೈನ್ ಬಂದರೆ ಅದರ ಮೈಮೇಲಿನ ಗ್ರೀಸನ್ನು ತೊಳೆಯಲು ಹೋಗಬೇಡಿ. ಮೇಣಕ್ಕೆ ಅದ್ದುವವರು ಮಾತ್ರ ಅದನ್ನು ತೆಗೆಯಬೇಕು. ನೀವು ಒಣ ಬಟ್ಟೆಯಲ್ಲಿ ಹೊರಮೈ ಮಾತ್ರ ಒರೆಸಿ, ಓಡಿಸಲು ಶುರು ಮಾಡಿ. ಅದು ಮೊದಲ ಸಲ ಸದ್ದು ಮಾಡಿದ ದಿನ, ಅಥವಾ ಮೊದಲ ಮಳೆಯಲ್ಲಿ ನೆನೆದ ಸಂಜೆ, ಬಾಟಲಿ ತೆಗೆದರೆ ಸಾಕು.